ನಂಜು ನುಂಗಿದ ವೀರ

ಕಾದಂಬರಿಯ ಬಗ್ಗೆ, ನಾಟಕದ ಬಗ್ಗೆ, ಸಿನಿಮಾದ ಬಗ್ಗೆ ಹೆಂಗಸರು ನಾಲ್ಕು ಜನ ಕುಳಿತು ಮಾತನಾಡಿದರೆ ಯಾರೂ ಹುಬ್ಬೇರಿಸುವುದಿಲ್ಲ. ಕಂಪ್ಯೂಟರಿನಲ್ಲಿ ಆಡುವ ಆಟದ ಬಗ್ಗೆ, ಅದೂ ಐವತ್ತು ದಾಟಿದ ಶಾಲೆಯ ಟೀಚರೊಬ್ಬಳು ಮಾತು ತೆಗೆದರೆ ಮಾತ್ರ ಕೇಳುವವರ ಮುಖದಲ್ಲಿ ಒಂದು ನಗು ತೇಲಿಹೋಗುತ್ತದೆ. ‘ಮಕ್ಕಳಿಗೆ ಬೇಡ ಅನ್ನೋರು ನೀವೇ, ಆಡೋರೂ ನೀವೇನಾ ಮೇಡಂ?’ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ಕೇಳಿಯೇಬಿಟ್ಟರು. ಮಕ್ಕಳಿಗೆ ಬೇಡ ಎಂದು ನಾನು ಈಗಲೂ ಹೇಳುತ್ತೇನೆ. ನಾನು ಬರೆಯಹೊರಟಿರುವ ಎರಡು ಆಟಗಳ ಡಬ್ಬಿಯ ಮೇಲೂ ಹದಿನೇಳು ತುಂಬಿದವರಿಗೆ ಮಾತ್ರ ಎಂಬ ಗುರುತಿದೆ. ಅದು ಸರಿಯಾಗಿಯೇ ಇದೆ. ರಕ್ತ, ಹೆಣ, ಅಸ್ಥಿಪಂಜರಗಳಿಗೆ ಅವುಗಳಲ್ಲಿ ಕೊರತೆಯಿಲ್ಲ. ಆದರೆ ದೊಡ್ಡವರು, ಅದರಲ್ಲೂ ಸಂಸಾರ ಮಾಡಿದ ದೊಡ್ಡವರು, ಈ ಎರಡನ್ನೂ ಒಂದರ ಹಿಂದೆ ಒಂದು ಆಡಿ ನೋಡಿದರೆ ಒಂದು ಒಳ್ಳೆಯ ದುರಂತ ನಾಟಕವನ್ನು ನೋಡಿದಷ್ಟೇ ಯೋಚನೆಗೆ ಬೀಳುತ್ತಾರೆ ಎಂಬುದು ನನ್ನ ಅನಿಸಿಕೆ.

ಆಟಗಳ ಹೆಸರು ಡಯಾಬ್ಲೊ ಮತ್ತು ಡಯಾಬ್ಲೊ ಎರಡು. ಮೊದಲನೆಯದು 1996 ಮುಗಿದು 1997 ಹುಟ್ಟುವ ಹೊಸ್ತಿಲಲ್ಲಿ ಅಮೆರಿಕದಲ್ಲಿ ಹೊರಬಂತು. ಎರಡನೆಯದು 2000ದ ಜೂನ್ 29ರಂದು. ಎರಡನ್ನೂ ಕಟ್ಟಿದವರು ಕ್ಯಾಲಿಫೋರ್ನಿಯಾದ ಬ್ಲಿಜಾರ್ಡ್ ನಾರ್ತ್ ಎಂಬ ಸಂಸ್ಥೆಯವರು. ಡೇವಿಡ್ ಬ್ರೆವಿಕ್ ಹಾಗೂ ಎರಿಕ್ ಶೇಫರ್, ಮ್ಯಾಕ್ಸ್ ಶೇಫರ್ ಎಂಬ ಸಹೋದರರು ಅದರ ಮುಂದಾಳುಗಳು. ಬ್ರೆವಿಕ್ ವಾಸವಾಗಿದ್ದ ಕಡೆ ಮೌಂಟ್ ಡಯಾಬ್ಲೊ ಎಂಬ ಬೆಟ್ಟವಿದೆ. ಡಯಾಬ್ಲೊ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಸೈತಾನ. ಬೆಟ್ಟದ ಹೆಸರೇ ಆಟಕ್ಕೆ ಬಂತು. ಮೊದಲು ಇದನ್ನು ಪಗಡೆಯ ಹಾಗೆ ನಿನ್ನದೊಂದು ನಡೆ, ನನ್ನದೊಂದು ನಡೆ ಎಂಬಂತೆ ರೂಪಿಸಿದ್ದರಂತೆ. ಆಮೇಲೆ ಮೌಸ್ ಒತ್ತಿದ ಕ್ಷಣವೇ ಕತ್ತಿ ಬೀಸುವ ಹಾಗೆ ಬದಲಾಯಿಸಿದರು. ಆ್ಯಕ್ಷನ್ ರೋಲ್ ಪ್ಲೇಯಿಂಗ್ ಗೇಮ್ ಎಂಬ ಜಾತಿಯ ಆಟಗಳು ಇಂದು ಈ ಪರಿ ಬೆಳೆದಿರುವುದಕ್ಕೆ ಆ ಒಂದು ಬದಲಾವಣೆಯ ಪಾಲು ದೊಡ್ಡದು.

ನನಗೆ ಇವುಗಳ ಪರಿಚಯ ಮಾಡಿಸಿದವಳು ತಂಗಿಯ ಮಗಳು. ಹಳೆಯ ಡಯಾಬ್ಲೊ 2019ರಿಂದ ಮತ್ತೆ ಕೊಳ್ಳಲು ಸಿಗುತ್ತಿದೆ. ಎರಡನೆಯದಕ್ಕೆ ಹೊಸ ಬಣ್ಣ ಬಳಿದ ಆವೃತ್ತಿ 2021ರಲ್ಲಿ ಬಂತು. ಅವಳು ದಸರಾ ರಜೆಯಲ್ಲಿ ಬಂದವಳು ಎರಡನ್ನೂ ನನ್ನ ಕಂಪ್ಯೂಟರಿಗೆ ಹಾಕಿಕೊಟ್ಟಳು. ‘ದೊಡ್ಡಮ್ಮ, ಮೊದಲನೇದರಲ್ಲಿ ಓಡೋಕೆ ಬರಲ್ಲ, ಬರೀ ನಡೀಬೇಕು. ಬೇಜಾರಾಗಬಹುದು’ ಎಂದು ಎಚ್ಚರಿಕೆಯನ್ನೂ ಕೊಟ್ಟಳು. ನನಗೆ ಬೇಜಾರಾಗಲಿಲ್ಲ. ಆ ನಡಿಗೆಯೇ ಇಷ್ಟವಾಯಿತು.

ಮೊದಲ ಆಟದಲ್ಲಿ ಇರುವುದು ಒಂದೇ ಊರು, ಟ್ರಿಸ್ಟ್ರಮ್. ಸದಾ ಕತ್ತಲು. ಮ್ಯಾಟ್ ಯೂಲ್ಮನ್ ಎಂಬ ಸಂಗೀತಗಾರರು ಹನ್ನೆರಡು ತಂತಿಯ ಗಿಟಾರಿನಲ್ಲಿ ನುಡಿಸಿದ ಒಂದು ರಾಗ ಆ ಊರಿನಲ್ಲಿ ಕಾಲಿಟ್ಟಾಗಲೆಲ್ಲ ಕೇಳುತ್ತದೆ. ಸಾವಿನ ಮನೆಯಲ್ಲಿ ಹತ್ತು ದಿನ ಕಳೆದ ಮೇಲೆ ಉಳಿಯುತ್ತದಲ್ಲ, ಅಂಥ ಒಂದು ಮೌನ ಅದರಲ್ಲಿದೆ. ಊರಿನಲ್ಲಿ ಉಳಿದಿರುವವರು ಬೆರಳೆಣಿಕೆಯಷ್ಟು ಮಂದಿ. ಕಮ್ಮಾರ ಗ್ರಿಸ್ವೋಲ್ಡ್, ಕಾಸು ಕೇಳದೆ ಗಾಯ ವಾಸಿಮಾಡುವ ವೈದ್ಯ ಪೆಪಿನ್, ಹೋಟೆಲು ನಡೆಸುವ ಆಗ್ಡನ್, ಅಲ್ಲಿ ಕೆಲಸ ಮಾಡುತ್ತ ಅಜ್ಜಿಯನ್ನು ಸಾಕುವ ಗಿಲಿಯನ್ ಎಂಬ ಹುಡುಗಿ, ಕುಡಿದು ಬಿದ್ದಿರುವ ಫಾರ್ನಮ್, ಊರ ಹೊರಗೆ ಒಂಟಿ ಗುಡಿಸಲಿನ ಮಾಟಗಾತಿ ಏಡ್ರಿಯಾ, ಮರದ ಕಾಲಿನ ಹುಡುಗ ವಿರ್ಟ್, ಎಲ್ಲರ ಕಥೆಯೂ ಗೊತ್ತಿರುವ ಮುದುಕ ಡೆಕರ್ಡ್ ಕೇನ್. ಯಾರ ಮುಂದೆ ನಿಂತು ಮಾತನಾಡಿಸಿದರೂ ಅವರು ಉಳಿದವರ ಬಗ್ಗೆ ಹೇಳುತ್ತಾರೆ. ನಮ್ಮ ಬೀದಿಯ ನಲ್ಲಿಯ ಹತ್ತಿರ ನಿಂತ ಹಾಗೆಯೇ! ಫಾರ್ನಮ್ ಯಾಕೆ ಕುಡಿಯುತ್ತಾನೆ ಎಂಬುದನ್ನು ಒಬ್ಬರಿಂದ ಸ್ವಲ್ಪ, ಇನ್ನೊಬ್ಬರಿಂದ ಸ್ವಲ್ಪ ತಿಳಿದುಕೊಳ್ಳುತ್ತೇವೆ. ರಾಜಕುಮಾರನನ್ನು ಬಿಡಿಸಿ ತರೋಣ ಬನ್ನಿ ಎಂದು ಧರ್ಮಗುರು ಲಜಾರಸ್ ಊರಿನ ಜನರನ್ನು ಚರ್ಚಿನ ನೆಲಮಾಳಿಗೆಗೆ ಕರೆದೊಯ್ದು, ಅಲ್ಲಿ ದೆವ್ವಗಳ ಬಾಯಿಗೆ ಕೊಟ್ಟು ಮಾಯವಾದ. ಉಳಿದು ಬಂದ ಕೆಲವರಲ್ಲಿ ಫಾರ್ನಮ್ ಒಬ್ಬ. ವಿರ್ಟನ ಕಾಲು ಹೋದದ್ದೂ ಆ ನೆಲಮಾಳಿಗೆಯಲ್ಲೇ. ಅವನೀಗ ತನ್ನಲ್ಲಿರುವ ಒಂದೇ ಒಂದು ಸರಕನ್ನು ತೋರಿಸುವುದಕ್ಕೇ 50 ನಾಣ್ಯ ಕೇಳುತ್ತಾನೆ. ಜಗತ್ತು ತನಗೆ ಪುಕ್ಕಟೆಯಾಗಿ ಏನನ್ನೂ ಕೊಡಲಿಲ್ಲ ಎಂದು ಗೊತ್ತಾದ ಮಗುವಿನ ವ್ಯಾಪಾರ ಅದು. ಇಂಥ ಮಕ್ಕಳು ನನ್ನ ತರಗತಿಯಲ್ಲಿ ಇದ್ದರು, ಈಗಲೂ ಇದ್ದಾರೆ.

ಆ ಚರ್ಚಿನ ಕೆಳಗೆ ಹದಿನಾರು ಅಂತಸ್ತು. ಮೊದಲ ನಾಲ್ಕು ಚರ್ಚಿನವು, ಆಮೇಲೆ ನಾಲ್ಕು ಹೂಳುವ ಮಾಳಿಗೆಗಳು, ನಾಲ್ಕು ಗುಹೆಗಳು, ಕೊನೆಯ ನಾಲ್ಕು ನರಕ. ಯೋಧ, ಬಿಲ್ಲುಗಾರ್ತಿ, ಮಂತ್ರವಾದಿ ಈ ಮೂವರಲ್ಲಿ ಒಬ್ಬರಾಗಿ ನಾವು ಇಳಿಯಬೇಕು. ಹೊಸದಾಗಿ ಆಟ ಶುರುಮಾಡಿದಾಗಲೆಲ್ಲ ಕೋಣೆ, ಓಣಿಗಳ ನಕ್ಷೆ ಬೇರೆಯಾಗಿರುತ್ತದೆ. ಆದ್ದರಿಂದ ಇನ್ನೊಬ್ಬರು ದಾರಿ ಹೇಳಿಕೊಟ್ಟು ಪ್ರಯೋಜನವಿಲ್ಲ. ಒಬ್ಬರೇ ಆಡುವಾಗ ಒಮ್ಮೆ ಸತ್ತ ದೆವ್ವ ಮತ್ತೆ ಏಳುವುದಿಲ್ಲ. ಗುಡಿಸಿ ಬಂದ ಕೋಣೆ ಗುಡಿಸಿಯೇ ಇರುತ್ತದೆ. ಮದ್ದು ತೀರಿ ಮೇಲೆ ಹತ್ತುವಾಗ ಆ ಬರಿದಾದ ಅಂತಸ್ತುಗಳನ್ನು ದಾಟಿ ಬರುವುದಿದೆಯಲ್ಲ, ಅಲ್ಲಿ ನನ್ನ ಹೆಜ್ಜೆಯ ಸದ್ದು ಬಿಟ್ಟರೆ ಇನ್ನೇನಿಲ್ಲ. ಕೆಲಸ ಮುಗಿಯುತ್ತಿದೆ ಎಂಬ ಸಮಾಧಾನ, ಒಬ್ಬಳೇ ಇದ್ದೇನೆ ಎಂಬ ಭಯ, ಎರಡೂ ಒಟ್ಟಿಗೆ ಇರುತ್ತವೆ.

ಈ ಆಟದ ಕೊನೆಯನ್ನು ಹೇಳದೆ ನನ್ನ ಮಾತು ಮುಂದೆ ಹೋಗುವುದಿಲ್ಲ. ಹದಿನಾರನೆಯ ಅಂತಸ್ತಿನಲ್ಲಿ ಡಯಾಬ್ಲೊ ಸಾಯುತ್ತಾನೆ. ಸತ್ತೊಡನೆ ಆ ಕೆಂಪು ರಾಕ್ಷಸ ದೇಹ ಕರಗಿ ಒಂದು ಹುಡುಗನ ಶವವಾಗುತ್ತದೆ. ಅವನೇ ಕಳೆದುಹೋಗಿದ್ದ ರಾಜಕುಮಾರ ಆಲ್ಬ್ರೆಕ್ಟ್. ರಾಕ್ಷಸನ ಆತ್ಮವನ್ನು ಹಿಡಿದಿಟ್ಟ ಕಲ್ಲೊಂದು ಅವನ ಹಣೆಯಲ್ಲಿತ್ತು. ನಮ್ಮ ವೀರ ಆ ಕಲ್ಲನ್ನು ಕಿತ್ತು ತನ್ನ ಹಣೆಗೆ ತಾನೇ ಚುಚ್ಚಿಕೊಳ್ಳುತ್ತಾನೆ. ಕೇಡನ್ನು ತನ್ನೊಳಗೇ ಅಡಗಿಸಿಕೊಂಡರೆ ಲೋಕಕ್ಕೆ ಒಳ್ಳೆಯದಾಗುತ್ತದೆ, ತಡೆದುಕೊಳ್ಳುವ ಶಕ್ತಿ ತನಗಿದೆ ಎಂಬುದು ಅವನ ನಂಬಿಕೆ. ಹಣೆಬರಹ ಎನ್ನುತ್ತೇವಲ್ಲ, ಅದನ್ನು ಆ ಮನುಷ್ಯ ತನ್ನ ಕೈಯಾರೆ ಬರೆದುಕೊಳ್ಳುತ್ತಾನೆ. ಆಟ ಮುಗಿಯಿತು.

ನೋಡಿದವಳಿಗೆ ಮೊದಲು ನೆನಪಾದದ್ದು ನಂಜುಂಡ. ಸಮುದ್ರ ಕಡೆದಾಗ ಬಂದ ಹಾಲಾಹಲವನ್ನು ಶಿವ ಕುಡಿದ, ಲೋಕ ಉಳಿಯಿತು ಎನ್ನುವ ಕಥೆಯನ್ನು ನಂಜನಗೂಡಿನ ದೇವರ ಹೆಸರಿನಲ್ಲೇ ಇಟ್ಟುಕೊಂಡವರು ನಾವು. ಆದರೆ ಆ ಕಥೆಯಲ್ಲಿ ಹೆಂಗಸರು ಮರೆಯದೆ ಹೇಳುವ ಒಂದು ಮಾತಿದೆ. ಶಿವ ನುಂಗುವಾಗ ಪಾರ್ವತಿ ಬಂದು ಕುತ್ತಿಗೆಯನ್ನು ಗಟ್ಟಿಯಾಗಿ ಹಿಡಿದಳು. ವಿಷ ಗಂಟಲಲ್ಲೇ ನಿಂತಿತು, ಹೊಟ್ಟೆಗೆ ಇಳಿಯಲಿಲ್ಲ. ದೇವರಿಗೂ ಕುತ್ತಿಗೆ ಹಿಡಿಯುವವರು ಒಬ್ಬರು ಬೇಕಾಯಿತು. ಟ್ರಿಸ್ಟ್ರಮ್ಮಿನ ವೀರನ ಬಳಿ ಹದಿನಾರು ಅಂತಸ್ತಿನ ಕೆಳಗೆ ಯಾರಿದ್ದರು?

ಎರಡನೆಯ ಆಟ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಮೊದಲನೆಯದನ್ನು ಆಡಿ ಗೆದ್ದೆ ಎಂದು ಬೀಗುತ್ತಿದ್ದವರಿಗೆ ಅದು ಕಪಾಳಕ್ಕೆ ಹೊಡೆದ ಹಾಗಿದೆ. ಕಲ್ಲು ಚುಚ್ಚಿಕೊಂಡ ಯೋಧ ಈಗ ಕಪ್ಪು ಮುಸುಕು ಹಾಕಿಕೊಂಡು ಪೂರ್ವ ದಿಕ್ಕಿಗೆ ಹೊರಟ ಅಲೆಮಾರಿ. ಒಳಗಿರುವವನು ಡಯಾಬ್ಲೊ. ಅವನು ತಂಗಿದ ಕಡೆಯೆಲ್ಲ ನೆಲ ಬಿರಿದು ದೆವ್ವಗಳು ಏಳುತ್ತವೆ. ಬಿಲ್ಲುಗಾರ್ತಿಯ ಗತಿ ಇನ್ನೂ ಕಷ್ಟ. ಬ್ಲಡ್ ರೇವನ್ ಎಂಬ ಹೆಸರಿನಲ್ಲಿ ಆಕೆ ಸ್ಮಶಾನದಲ್ಲಿ ಹೆಣಗಳನ್ನು ಎಬ್ಬಿಸುತ್ತಿರುತ್ತಾಳೆ. ಟ್ರಿಸ್ಟ್ರಮ್ಮಿನಲ್ಲಿ ಡಯಾಬ್ಲೊ ವಿರುದ್ಧ ಹೋರಾಡಿದವಳು ಈಕೆ ಎಂದು ಅವಳ ಸಂಗಾತಿಯೇ ನಮಗೆ ಹೇಳಿ, ಅವಳನ್ನು ಕೊಂದು ಬಾ ಎಂದು ಕಳಿಸುತ್ತಾಳೆ. ಮಂತ್ರವಾದಿ ಬುದ್ಧಿ ಕೆಟ್ಟು ಮರಳುಗಾಡಿನ ಅಧ್ಯಾಯದಲ್ಲಿ ಎದುರಾಗುತ್ತಾನೆ. ಮೊದಲ ಆಟದಲ್ಲಿ ನಾನು ಬಿಲ್ಲುಗಾರ್ತಿಯಾಗಿದ್ದೆ. ಒಂದು ತಿಂಗಳು ಅವಳ ಕಾಲಿನಲ್ಲಿ ನಡೆದು, ಅವಳಿಗೆ ಒಂದೊಂದೇ ಬಾಣ ಹೂಡುವುದನ್ನು ಕಲಿಸಿದ್ದೆ. ಆ ಸ್ಮಶಾನದಲ್ಲಿ ನನ್ನ ಕೈ ಮೌಸಿನ ಮೇಲೆ ಸ್ವಲ್ಪ ಹೊತ್ತು ಸುಮ್ಮನಿತ್ತು.

ಊರಿನ ಗತಿಯೂ ಅಷ್ಟೆ. ಕಲ್ಲುಕಂಬಗಳ ನಡುವಿನಿಂದ ಒಂದು ಬಾಗಿಲು ತೆರೆದು ಟ್ರಿಸ್ಟ್ರಮ್ಮಿಗೆ ಹೋದರೆ ಮನೆಗಳು ಉರಿಯುತ್ತಿರುತ್ತವೆ. ಅಲ್ಲಿ ಜೀವಂತ ಸಿಗುವವನು ಪಂಜರದಲ್ಲಿ ನೇತುಬಿದ್ದ ಕೇನ್ ಮುದುಕ ಒಬ್ಬನೇ. ಕಮ್ಮಾರ ಗ್ರಿಸ್ವೋಲ್ಡ್ ಪಿಶಾಚಿಯಾಗಿ ಮೈಮೇಲೆ ಬರುತ್ತಾನೆ. ವಿರ್ಟನ ಶವ ಒಂದು ಕಡೆ ಬಿದ್ದಿರುತ್ತದೆ, ಜೊತೆಗೆ ಅವನ ಮರದ ಕಾಲು.

ಇದನ್ನು ಆಡುತ್ತಿದ್ದ ದಿನಗಳಲ್ಲಿ ನನಗೆ ಪದೇ ಪದೇ ಅಮ್ಮನ ನೆನಪು ಬಂತು. ಅಮ್ಮ ಹೋದಾಗ ಬಂದವರೆಲ್ಲ ಹೇಳಿದ್ದು ಒಂದೇ ಮಾತು: ‘ಎಲ್ಲಾ ನುಂಗಿಕೊಂಡು ಬದುಕಿದ್ರು, ಒಂದು ದಿನ ತುಟಿ ಎರಡು ಮಾಡಲಿಲ್ಲ.’ ನಮ್ಮ ಕಡೆ ಹೆಣ್ಣಿಗೆ ಇದಕ್ಕಿಂತ ದೊಡ್ಡ ಬಿರುದಿಲ್ಲ. ಅಜ್ಜಿ ಅಮ್ಮನಿಗೆ ಕೊಟ್ಟ ಕಷ್ಟವನ್ನು ಹಿರಿಮಗಳಾದ ನಾನು ಕಣ್ಣಾರೆ ಕಂಡಿದ್ದೇನೆ. ಊಟದ ತಟ್ಟೆಯ ಮುಂದೆ ಆಡಿದ ಮಾತುಗಳು, ತವರಿಗೆ ಕಳಿಸದೆ ಹೋದ ಹಬ್ಬಗಳು, ಎಲ್ಲವನ್ನೂ ಅಮ್ಮ ನುಂಗಿದ್ದು ನಿಜ. ಆದರೆ ನುಂಗಿದ್ದು ಎಲ್ಲಿ ಹೋಯಿತು? ನನ್ನ ತಮ್ಮನ ಹೆಂಡತಿ ಮನೆಗೆ ಬಂದ ಮೇಲೆ, ಅದೇ ಮಾತುಗಳು, ಅದೇ ಧಾಟಿಯಲ್ಲಿ, ಅಮ್ಮನ ಬಾಯಿಂದ ಬಂದವು. ಅಜ್ಜಿ ಸತ್ತು ಹದಿನೈದು ವರ್ಷವಾಗಿತ್ತು. ಅಡುಗೆಮನೆಯಲ್ಲಿ ಅಜ್ಜಿಯ ದನಿ ಕೇಳಿಸುತ್ತಿತ್ತು. ಅಮ್ಮ ಕೆಟ್ಟವಳಲ್ಲ. ಅವಳು ತಡೆಯಬಲ್ಲೆ ಎಂದುಕೊಂಡಳು, ಅವಳ ಕುತ್ತಿಗೆ ಹಿಡಿಯಲು ಯಾರೂ ಇರಲಿಲ್ಲ, ಅಷ್ಟೆ. ಹಣೆಗೆ ಕಲ್ಲು ಚುಚ್ಚಿಕೊಂಡವನ ಕಥೆ ಕ್ಯಾಲಿಫೋರ್ನಿಯಾದ ಹುಡುಗರು ಮಾಡಿದ ಆಟದ ಕಥೆ ಎಂದು ನಾನು ತಳ್ಳಿಹಾಕಲಾರದೆ ಹೋದದ್ದು ಇದಕ್ಕೇ.

ಎರಡನೆಯ ಆಟದ ಕಥೆ ಬರೆದವರು ಈ ವಿಷಯವನ್ನು ಅರಿತೇ ಬರೆದಿದ್ದಾರೆ ಎಂದು ನನಗೆ ಅನ್ನಿಸಲು ಕಾರಣವಿದೆ. ಅದರಲ್ಲಿ ಟಾಲ್ ರಾಶಾ ಎಂಬ ಹಳೆಯ ಕಾಲದ ಮಾಂತ್ರಿಕನ ಕಥೆ ಬರುತ್ತದೆ. ಡಯಾಬ್ಲೊನ ಅಣ್ಣ ಬಾಲ್ ಎಂಬ ಪಿಶಾಚಿಯನ್ನು ಹಿಡಿದಿಡಲು ಅವನೂ ತನ್ನ ದೇಹವನ್ನೇ ಕೊಟ್ಟ. ಸಂಗಡಿಗರು ಅವನನ್ನು ಮರಳುಗಾಡಿನ ಗೋರಿಯಲ್ಲಿ ಸರಪಳಿ ಹಾಕಿ ಕಟ್ಟಿ, ಬಾಗಿಲು ಮುಚ್ಚಿ ಬಂದರು. ತ್ಯಾಗ ಎಂದರೆ ಅದಕ್ಕಿಂತ ದೊಡ್ಡದಿಲ್ಲ. ಫಲ? ನಾವು ಏಳು ಗೋರಿಗಳ ನಡುವೆ ಹುಡುಕಿ ನಿಜವಾದದ್ದನ್ನು ತಲುಪುವ ಹೊತ್ತಿಗೆ ಸರಪಳಿ ಬರಿದಾಗಿರುತ್ತದೆ. ಒಬ್ಬ ಸೋತರೆ ಅದು ಅವನ ದೌರ್ಬಲ್ಯ ಎನ್ನಬಹುದು. ಇಬ್ಬರೂ ಹೀಗೆಯೇ ಸೋತರೆಂದರೆ ಆ ಉಪಾಯವೇ ಸರಿಯಿಲ್ಲ ಎಂದು ಆಟ ಹೇಳುತ್ತಿದೆ.

ಹಾಗಾದರೆ ಏನು ಮಾಡಬೇಕು? ಅದಕ್ಕೂ ಆಟದಲ್ಲೇ ಒಂದು ಜಾಗವಿದೆ. ನಾಲ್ಕನೆಯ ಅಧ್ಯಾಯದಲ್ಲಿ, ನರಕದ ಬೆಂಕಿ ಹೊಳೆಯ ಪಕ್ಕದಲ್ಲಿ, ಒಂದು ಕುಲುಮೆ. ಡಯಾಬ್ಲೊನ ಅಣ್ಣ ಮೆಫಿಸ್ಟೊನ ಕಲ್ಲನ್ನು ಅಲ್ಲಿನ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಡೆಯಬೇಕು. ನುಂಗಬೇಡ, ಹಣೆಗೆ ಹಚ್ಚಿಕೊಳ್ಳಬೇಡ, ಕಣ್ಣೆದುರಿಗೆ ಇಟ್ಟು ಒಡೆದುಹಾಕು ಎಂದು ಅರ್ಥ. ಎರಡು ಆಟಗಳ ಉದ್ದಕ್ಕೂ ಬಂದ ತಪ್ಪಿಗೆ ಪರಿಹಾರ ಸಿಗುವ ಘಟ್ಟ ಇದು. ಆದರೆ ಕುಲುಮೆಯ ಈ ಕೆಲಸವನ್ನು ಬಿಟ್ಟರೂ ಆಟ ಮುಂದುವರಿಯುತ್ತದೆ, ಕಡ್ಡಾಯವೇನಲ್ಲ! ಕಲ್ಲು ಒಡೆದಾಗ ರತ್ನಗಳು ಚೆಲ್ಲುತ್ತವೆ. 2001ರಲ್ಲಿ ಬಂದ ಪೂರಕ ಭಾಗ ಸೇರಿಸಿಕೊಂಡರೆ ರೂನ್ ಎಂಬ ಬೆಲೆಬಾಳುವ ಅಕ್ಷರಕಲ್ಲೂ ಸಿಗುತ್ತದೆ. ಆಡುವವರು ಅಲ್ಲಿಗೆ ಹೋಗುವುದು ಬಹುಮಟ್ಟಿಗೆ ಅದಕ್ಕೇ. ‘ಆ ರೂನ್ ಬಿಡಬೇಡಿ ದೊಡ್ಡಮ್ಮ’ ಎಂದು ನನ್ನ ತಂಗಿಯ ಮಗಳೂ ಫೋನಿನಲ್ಲಿ ಹೇಳಿದ್ದು ಅಷ್ಟೆ. ಒಡೆದದ್ದು ಏನು ಎಂಬ ಮಾತು ಬರಲೇ ಇಲ್ಲ.

ಎರಡನೆಯ ಆಟದ ಮೇಲೆ ನನ್ನ ದೂರು ಇರುವುದು ಇಲ್ಲಿಯೇ. ಅದರ ಕಥೆ ಒಂದು ಹೇಳುತ್ತದೆ, ಅದರ ಆಟ ಇನ್ನೊಂದು ಹೇಳುತ್ತದೆ. ಕಥೆ ದುಃಖದ್ದು, ಆಟ ಆಸೆಯದ್ದು. ಇದರಲ್ಲಿ ಬೀಳುವ ವಸ್ತುಗಳಿಗೆ ಬಣ್ಣಗಳಿವೆ: ಸಾದಾ ಬಿಳಿ, ಮಂತ್ರದ ನೀಲಿ, ಅಪರೂಪದ ಹಳದಿ, ಜೊತೆಯಾಗಿ ಕೂಡಿಸಬೇಕಾದ ಹಸಿರು, ಜಗತ್ತಿನಲ್ಲೇ ವಿಶೇಷವಾದ ಚಿನ್ನದ ಬಣ್ಣ. ಹೊತ್ತುಕೊಳ್ಳಲು ಇರುವುದು ನಲವತ್ತು ಚೌಕಗಳ ಚೀಲ. ಅದರಲ್ಲಿ ಯಾವುದನ್ನು ಎಲ್ಲಿ ಇಡಬೇಕು, ನಾಲ್ಕು ಚೌಕ ಹಿಡಿಯುವ ಹೊರಾಡ್ರಿಕ್ ಪೆಟ್ಟಿಗೆಯೊಳಗೆ ಹನ್ನೆರಡು ಚೌಕದಷ್ಟು ಸಾಮಾನು ಹೇಗೆ ತುರುಕಬೇಕು, ಇದರಲ್ಲೇ ಸಂಜೆ ಕಳೆದುಹೋಗುತ್ತದೆ. ಮದುವೆಗೆ ಹೊರಡುವ ಹಿಂದಿನ ರಾತ್ರಿ ಸೂಟ್‌ಕೇಸಿನ ಮುಂದೆ ಕುಳಿತ ಯಾರಿಗಾದರೂ ಈ ಸುಖ ಗೊತ್ತು. ಹಸಿರು ಬಣ್ಣದ ಜೊತೆಯಲ್ಲಿ ಒಂದು ಕೈಗವಸು ಸಿಗಲಿಲ್ಲವೆಂದು ರಾತ್ರಿ ಹನ್ನೊಂದಕ್ಕೂ ಏಳದೆ ಕುಳಿತಿರುವಾಗ, ಸೀರೆ ಅಂಗಡಿಯಲ್ಲಿ ‘ಇನ್ನೊಂದು ಕಟ್ಟು ಬಿಚ್ಚಿ’ ಎನ್ನುವ ನಮ್ಮದೇ ದನಿ ನನಗೆ ಕೇಳಿಸಿತು.

ಮೊದಲ ಆಟದಲ್ಲಿ ಗುಡಿಸಿದ ಕೋಣೆ ಗುಡಿಸಿಯೇ ಇರುತ್ತಿತ್ತು ಎಂದೆನಲ್ಲ, ಇದರಲ್ಲಿ ಹಾಗಿಲ್ಲ. ಆಟ ನಿಲ್ಲಿಸಿ ಮರುದಿನ ಬಂದರೆ ಸತ್ತವರೆಲ್ಲ ಎದ್ದು ನಿಂತಿರುತ್ತಾರೆ, ಮತ್ತೆ ಕೊಂದರೆ ಮತ್ತೆ ಸರಕು ಬೀಳುತ್ತದೆ. ಕೊನೆಯ ಪಿಶಾಚಿಯನ್ನು ಕೊಂದು ಮುಗಿಸಿದೆ ಎಂದರೆ ಅದೇ ಕಥೆ ಇನ್ನೂ ಕಠಿಣವಾಗಿ ಎರಡನೇ ಸಲ, ಅದು ಮುಗಿದರೆ ಮೂರನೇ ಸಲ ಶುರುವಾಗುತ್ತದೆ. ಡಯಾಬ್ಲೊ ಇಲ್ಲಿ ಲೋಕದ ಕೇಡಾಗಿ ಉಳಿಯುವುದಿಲ್ಲ. ಮತ್ತೆ ಮತ್ತೆ ಒಡೆಯುವ ಹುಂಡಿಯಾಗುತ್ತಾನೆ. ವಿರ್ಟನ ಮರದ ಕಾಲನ್ನು ಹೊರಾಡ್ರಿಕ್ ಪೆಟ್ಟಿಗೆಯಲ್ಲಿಟ್ಟು ಇನ್ನೊಂದು ಸಾಮಾನು ಸೇರಿಸಿದರೆ, ಆಯುಧ ಹಿಡಿದು ಎರಡು ಕಾಲಿನ ಮೇಲೆ ನಡೆಯುವ ಹಸುಗಳ ಲೋಕವೊಂದು ತೆರೆಯುತ್ತದೆ. ತಮಾಷೆಗೆ ಇಟ್ಟದ್ದು, ನಾನೂ ನಕ್ಕೆ. ನಕ್ಕ ಮೇಲೆ, ಒಂದು ನೋಟಕ್ಕೆ 50 ನಾಣ್ಯ ಕೇಳುತ್ತಿದ್ದ ಆ ಹುಡುಗನ ಮುಖ ನೆನಪಾಯಿತು. ಅವನ ಸಾವನ್ನು ಹೀಗೆ ಖರ್ಚು ಮಾಡಬಾರದಿತ್ತು.

ಹಾಗೆಂದು ಎರಡನೆಯದನ್ನು ಹಗುರವಾಗಿ ಕಾಣುವಂತಿಲ್ಲ. ಅದರ ಹರಹು ದೊಡ್ಡದು: ಹುಲ್ಲುಗಾವಲು, ಮರಳುಗಾಡಿನ ಬಂದರು, ಕೊಳೆತ ಕಾಡು, ನರಕ. ಮೊದಲ ಅಧ್ಯಾಯದ ಬಿಡಾರದಲ್ಲಿ ಆಡಳಿತವೆಲ್ಲ ಹೆಂಗಸರದು. ಪೂಜಾರ್ತಿ ಅಕಾರಾ, ಸೇನಾನಿ ಕಾಶ್ಯಾ, ಸುತ್ತಿಗೆ ಹಿಡಿದ ಕಮ್ಮಾರ ಹುಡುಗಿ ಚಾರ್ಸಿ. ತಮ್ಮ ಮಠದಿಂದ ಹೊರದಬ್ಬಿಸಿಕೊಂಡು ಬಯಲಿನಲ್ಲಿ ಬೇಲಿ ಕಟ್ಟಿಕೊಂಡು ಕುಳಿತವರು. ಒಬ್ಬರ ಮೇಲೊಬ್ಬರು ಗೊಣಗಿದರೂ ಒಬ್ಬರಿಗೊಬ್ಬರು ಆಗುತ್ತಾರೆ. ಮೊದಲ ಆಟದ ವೀರನಿಗೆ ಇಲ್ಲದ್ದು ಇವರಿಗಿದೆ. ಅದೇ ಆಟ ಹೆಣ್ಣು ಪಿಶಾಚಿಗಳಿಗೆ ಮೈತುಂಬ ಬಟ್ಟೆ ಕೊಡಲು ಯಾಕೆ ಇಷ್ಟು ಜಿಪುಣತನ ಮಾಡಿತೋ, ಮಾಡಿದ ಗಂಡಸರನ್ನೇ ಕೇಳಬೇಕು.

ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ ನಾನು ಹಿಂಜರಿಯದೆ ಮೊದಲನೆಯದು ಎನ್ನುತ್ತೇನೆ. ಅದು ಚಿಕ್ಕದು, ನಿಧಾನದ್ದು, ಹೇಳಬೇಕಾದ್ದನ್ನು ಹೇಳಿ ನಿಲ್ಲುತ್ತದೆ. ಆದರೆ ಅದೊಂದನ್ನೇ ಆಡಿ ಬಿಟ್ಟವರು ಹಣೆಗೆ ಕಲ್ಲು ಚುಚ್ಚಿಕೊಂಡವನನ್ನು ಮಹಾತ್ಯಾಗಿ ಎಂದುಕೊಂಡೇ ಇರುತ್ತಾರೆ. ಅದಕ್ಕೆ ಎರಡನೆಯದೂ ಬೇಕು. ಒಮ್ಮೆ ಆಡಿ ಮುಗಿಸಿ, ಎರಡನೇ ಸಲ ಶುರುಮಾಡಲು ಕರೆದಾಗ ಎದ್ದುಬಿಡಿ. ಕುಲುಮೆಯ ಹತ್ತಿರ ಹೋಗುವುದನ್ನು ಮಾತ್ರ ತಪ್ಪಿಸಬೇಡಿ. ರೂನ್ ಸಿಕ್ಕರೆ ಇಟ್ಟುಕೊಳ್ಳಿ, ಬೇಡವೆನ್ನುವುದಿಲ್ಲ. ಕಲ್ಲು ಒಡೆಯುವ ಸದ್ದನ್ನು ಮೊದಲು ಕೇಳಿಸಿಕೊಳ್ಳಿ.

ನನ್ನ ತಮ್ಮನ ಹೆಂಡತಿ ಈಗ ತಾನೇ ಅತ್ತೆಯಾಗಿದ್ದಾಳೆ. ಅವಳಿಗೆ ಕಂಪ್ಯೂಟರ್ ಆಟದ ಗೋಜು ಬೇಡ. ಈ ಕಥೆಯನ್ನು ಅವಳಿಗೆ ಬಾಯಲ್ಲೇ ಹೇಳಿದೆ. ಕೇಳಿ, ಬಹಳ ಹೊತ್ತು ಸುಮ್ಮನಿದ್ದು, ಅಮ್ಮನ ಬಗ್ಗೆ ಅವಳು ಇಷ್ಟು ವರ್ಷ ಆಡದೆ ಉಳಿದಿದ್ದ ಮಾತುಗಳನ್ನು ಒಂದೊಂದಾಗಿ ಆಡತೊಡಗಿದಳು. ನಾನು ಅಮ್ಮನ ಪರ ವಹಿಸಲಿಲ್ಲ. ಸುಮ್ಮನೆ ಕೇಳಿದೆ.